ಧಾರವಾಡ ದಾರವಾಡವಾದ ಕತೆ

“ಇದೇನೇ, ಊರಿನ ಹೆಸರನ್ನೇ ಬದಲಿಸಿಬಿಟ್ಟೆಯಲ್ಲ!” ಎಂದಳು ಅವ್ವ.

ಕಳೆದ ತಿಂಗಳ ಮಾತು. ಅಮೆರಿಕದಲ್ಲಿರುವ ತಮ್ಮ ಹೊಸ ಮನೆ ಮಾಡಿದ್ದಾನೆ. ಗೋಡೆಗೆ ತೂಗುಹಾಕಲು ‘ಧಾರವಾಡ’ ಎಂಬ ಹೆಸರಿರುವ ಕ್ರೋಶಾ ಪಟ್ಟಿಯೊಂದು, ಅಂದರೆ ಕೊಕ್ಕೆಕಡ್ಡಿಯಲ್ಲಿ ದಾರದಿಂದ ಹೆಣೆದದ್ದು, ಬೇಕು ಎಂದಿದ್ದ. ಕೆನೆಬಣ್ಣದ ಮೇಲೆ ಕುಂಕುಮಗೆಂಪು. ನಾಲ್ಕೇ ಅಕ್ಷರ ತಾನೆ ಎಂದುಕೊಂಡೆ. ಮೊಬೈಲಿನಲ್ಲಿ ಚೆಂದದ ಅಕ್ಷರದಲ್ಲಿ ಹೆಸರು ಬರೆದು, ಅದರ ಚಿತ್ರವನ್ನು ಕ್ರೋಶಾ ನಕ್ಷೆ ಮಾಡಿಕೊಡುವ ತಾಣವೊಂದಕ್ಕೆ ಹಾಕಿದೆ. ಅಗಲ 90 ಮನೆ (ನಕ್ಷೆಯ ಚೌಕಕ್ಕೆ ಮನೆ ಎನ್ನುತ್ತೇವೆ), ಎತ್ತರ 30 ಮನೆ, ಬಣ್ಣ ಎರಡು. ಗುಂಡಿ ಒತ್ತಿದ್ದೇ ತಡ, ನಕ್ಷೆ ಬಂತು. ನಾಲ್ಕು ಸಂಜೆ ಕೂತು 26 ಸಾಲು ಹೆಣೆದೆ. ಐದನೆಯ ಸಂಜೆ ಅವ್ವನ ಕಣ್ಣಿಗೆ ಬಿತ್ತು.

ಕನ್ನಡ ಶಾಲೆಯಲ್ಲಿ 32 ವರ್ಷ ಮಕ್ಕಳಿಗೆ ಅಕ್ಷರ ತಿದ್ದಿಸಿದ ಕೈ ಅದು. ಬೆರಳು ನೆಟ್ಟಗೆ ಮೊದಲ ಅಕ್ಷರದ ಬುಡಕ್ಕೇ ಹೋಯಿತು. “ಹೊಟ್ಟೆಯನ್ನೇ ಸೀಳಿಲ್ಲ. ದಾರವಾಡ ಎಂದಾಗಿದೆ. ದಾರದಲ್ಲಿ ಮಾಡಿದ್ದಲ್ಲವೇ, ಸರಿಯಾಗಿಯೇ ಇದೆ ಬಿಡು.”

ನಕ್ಕಳು. ನನಗೆ ನಗು ಬರಲಿಲ್ಲ.

ಆದದ್ದು ಇಷ್ಟು. ಇಂಥ ಸಾಫ್ಟ್‌ವೇರುಗಳ ಲೆಕ್ಕದಲ್ಲಿ ಒಂದು ಮನೆ ಎಂದರೆ ಒಂದು ಕುಣಿಕೆ. ಚಿತ್ರವನ್ನು ಮನೆಗಳಾಗಿ ಕತ್ತರಿಸಿ, ಪ್ರತಿ ಮನೆಯೊಳಗಿನ ಬಣ್ಣಗಳನ್ನು ಕಲಸಿ, ಯಾವುದು ಹೆಚ್ಚೋ ಅದರ ಕಡೆಗೆ ವಾಲಿಸುತ್ತವೆ. ‘ಧ’ದ ಬುಡದಲ್ಲಿರುವ ಆ ಸಣ್ಣ ಗೀಟು ಒಂದು ಮನೆಯ ಕಾಲುಭಾಗವನ್ನೂ ತುಂಬಿರಲಿಲ್ಲ. ಮುಕ್ಕಾಲು ಕೆನೆ, ಕಾಲು ಕೆಂಪು. ಮನೆ ಕೆನೆಯಾಯಿತು. ಬಹುಮತದ ತೀರ್ಪು! ಅಲ್ಪಪ್ರಾಣಕ್ಕೂ ಮಹಾಪ್ರಾಣಕ್ಕೂ ನಡುವಿನ ಅಂತರ ಆ ಕಾಲು ಮನೆಯಲ್ಲಿದೆ ಎಂದು ಅದಕ್ಕೆ ಯಾರು ಹೇಳಬೇಕಿತ್ತು? ನಾನೇ ಹೇಳಬೇಕಿತ್ತು. ನಕ್ಷೆಯನ್ನು ಒಮ್ಮೆ ಅಕ್ಷರವೆಂದು ಓದಿದ್ದರೆ ಸಾಕಿತ್ತು. ನಾನು ಬರೀ ಮನೆ ಎಣಿಸಿದೆ.

ಕ್ರೋಶಾದ ನಕ್ಷೆಯನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಒಂದು ಸಾಲು ಬಲದಿಂದ ಎಡಕ್ಕೆ, ತಿರುಗಿಸಿಕೊಂಡ ಮೇಲೆ ಮುಂದಿನದು ಎಡದಿಂದ ಬಲಕ್ಕೆ. ಹಾಗಾಗಿ ಆ ಗೀಟು ಬರಬೇಕಾಗಿದ್ದದ್ದು ಎಲ್ಲಕ್ಕಿಂತ ಮೊದಲು, ನಾಲ್ಕನೆಯ ಸಾಲಿನಲ್ಲಿ. ತಪ್ಪು ಕಂಡಾಗ ಅದರ ಮೇಲೆ 22 ಸಾಲು ಕೂತಿದ್ದವು. ಸೂಜಿಯಿಂದ ಮೇಲೆ ಗೀಟು ಎಳೆದು ನೋಡಿದೆ. ಹುಳ ಹತ್ತಿದಂತೆ ಉಬ್ಬಿ ನಿಂತಿತು. ಕೊನೆಗೆ ಕಡ್ಡಿ ತೆಗೆದು ದಾರದ ತುದಿ ಹಿಡಿದು ಎಳೆದೆ. ಸರ್ ಎಂದು ಬಿಚ್ಚುತ್ತ ಬಂತು. ಅವ್ವ ಎದುರಿಗೆ ಕೂತು ಉಂಡೆ ಸುತ್ತಿದಳು. ನಾಲ್ಕು ಸಂಜೆಯ ಕೆಲಸ ಕಾಲು ಗಂಟೆಯಲ್ಲಿ ಎರಡು ಉಂಡೆಯಾಗಿ ಅವಳ ಮಡಿಲಿನಲ್ಲಿತ್ತು.

ಸಾಫ್ಟ್‌ವೇರನ್ನು ಬೈಯಲು ಇದನ್ನು ಬರೆಯುತ್ತಿಲ್ಲ. ಬೈಯುವವರು ಬೇಕಾದಷ್ಟು ಜನ ಇದ್ದಾರೆ. ಕೈಕೆಲಸದ ಗುಂಪುಗಳಲ್ಲಿ ಯಾರಾದರೂ “ಈ ಫೋಟೋವನ್ನು ನಕ್ಷೆ ಮಾಡುವುದು ಹೇಗೆ” ಎಂದು ಕೇಳಿದರೆ ಸಾಕು, “ಹಾಗಾದರೆ ನಿಮ್ಮದೇನು ಉಳಿಯಿತು?” ಎಂದು ಒಬ್ಬರಾದರೂ ಮೂದಲಿಸುತ್ತಾರೆ. ಈ ಮಾತು ನನಗೆ ಒಪ್ಪಿಗೆಯಿಲ್ಲ. ನಮ್ಮ ಅವ್ವ ಏನು ಮಾಡುತ್ತಿದ್ದಳು? ಲೆಕ್ಕದ ಚೌಕುಳಿ ಪುಸ್ತಕದಲ್ಲಿ ಮನೆ ತುಂಬಿ ನವಿಲು ಬರೆದುಕೊಳ್ಳುತ್ತಿದ್ದಳು. ತುಂಬಿದ ಮನೆಗೆ ಕಂಬ ಎನ್ನುವ ಉದ್ದನೆಯ ಕುಣಿಕೆ, ಖಾಲಿ ಮನೆಗೆ ಚೈನು ಎನ್ನುವ ಸರಪಳಿ ಕುಣಿಕೆ. ಪಕ್ಕದ ಮನೆಯವರು ಆ ಹಾಳೆ ಒಯ್ದು ತಮ್ಮ ಪುಸ್ತಕಕ್ಕೆ ಇಳಿಸಿಕೊಳ್ಳುತ್ತಿದ್ದರು. ಅವಳೂ ಅದನ್ನು ಇನ್ನಾರದೋ ಟೇಬಲ್ ಕ್ಲಾತಿನಿಂದ ಎಣಿಸಿಕೊಂಡು ಬಂದಿದ್ದಳು. ಫೆದೆರಿಕೊ ವಿಂಚೊಲೊ ಎಂಬಾತ ಪ್ಯಾರಿಸ್ಸಿನಲ್ಲಿ 1587ರಲ್ಲೇ ಜಾಲರಿ ಕಸೂತಿಗೆ ಚೌಕದ ಮನೆಗಳ ನಕ್ಷೆಗಳನ್ನು ಅಚ್ಚು ಹಾಕಿಸಿದ್ದ. ತೂತು ಕೊರೆದ ರಟ್ಟುಗಳು ಹೇಳಿದಂತೆ ನೇಯುವ ಜಕಾರ್ ಮಗ್ಗವಂತೂ ಚಿತ್ರವನ್ನು ತೂತುಗಳ ಲೆಕ್ಕಕ್ಕೇ ಇಳಿಸಿತು: 1839ರಲ್ಲಿ ಅದನ್ನು ರೂಪಿಸಿದ ಜಕಾರನದೇ ಭಾವಚಿತ್ರವನ್ನು ರೇಷ್ಮೆಯಲ್ಲಿ ನೇಯಲು ಇಂಥ 24,000 ರಟ್ಟುಗಳು ಬೇಕಾದವು. ಕಂಪ್ಯೂಟರಿಗೆ ತೂತಿನ ರಟ್ಟು ಹೋದದ್ದು ಮಗ್ಗದಿಂದಲೇ. ಈಗ ಕಂಪ್ಯೂಟರು ದಾರದ ಲೆಕ್ಕ ಹೇಳಿದರೆ ಅದು ಹಳೆಯ ಸಾಲ ತೀರಿಸುತ್ತಿದೆ ಎನ್ನಬೇಕು.

ನಮ್ಮ ಕಡೆಯ ಕಸೂತಿಯನ್ನೇ ನೋಡಿ. ಬಟ್ಟೆಯ ಮೇಲೆ ಪೆನ್ಸಿಲ್ ಗುರುತು ಹಾಕದೆ, ಎಳೆ ಎಣಿಸಿ ಗವಂತಿ, ಮುರಗಿ, ನೇಗಿ, ಮೆಂತೆ ಎಂಬ ಹೊಲಿಗೆಗಳನ್ನು ಹಾಕುತ್ತಾರೆ. ಗೋಪುರ, ತೇರು, ತುಳಸಿಕಟ್ಟೆ, ಆನೆ ಎಲ್ಲವೂ ಮೆಟ್ಟಿಲು ಮೆಟ್ಟಿಲಾಗಿರುತ್ತವೆ. ಆನೆಯ ಬೆನ್ನು ನಿಜದಲ್ಲಿ ದುಂಡಗಿದೆ ಎಂದು ಆ ಹೆಂಗಸರಿಗೆ ಗೊತ್ತಿರಲಿಲ್ಲವೇ? ದುಂಡು ಹೋದರೂ ನಡೆಯುತ್ತದೆ, ಸೊಂಡಿಲು ಹೋದರೆ ಆನೆಯೇ ಹೋಗುತ್ತದೆ ಎಂಬುದನ್ನು ಅವರು ತೀರ್ಮಾನ ಮಾಡಿಕೊಂಡಿದ್ದರು. ಸಾಫ್ಟ್‌ವೇರಿಗೆ ಬಾರದಿರುವುದು ಈ ತೀರ್ಮಾನವೊಂದೇ. ಫೋಟೋ ಕೊಟ್ಟು “40 ಬಣ್ಣ” ಎಂದರೆ 40 ಬಣ್ಣ ಕೊಡುತ್ತದೆ. ಕೆನ್ನೆಯ ಮೇಲೆ ಬೆಳಕು ನೆರಳು ಬೆರೆಸಲು ಹೋಗಿ ಅಲ್ಲೊಂದು ಇಲ್ಲೊಂದು ಒಂಟಿ ಮನೆ ಚೆಲ್ಲುತ್ತದೆ. ಪರದೆಯ ಮೇಲೆ ಚೆಂದವೋ ಚೆಂದ. ಹೆಣೆದ ಮೇಲೆ ಮುಖಕ್ಕೆ ಸಿಡುಬು ಎದ್ದಂತೆ ಕಾಣುತ್ತದೆ. ಹಿಂಬದಿಯಲ್ಲಿ ದಾರದ ತುದಿಗಳ ಹುಲ್ಲುಗಾವಲು.

ನಾನು ಮೊದಲು ಮಾಡಿದ್ದು ಅಜ್ಜನ ಫೋಟೋ. ಬಿಳಿ ಟೋಪಿ, ಹಿಂದೆ ಸ್ಟುಡಿಯೋದ ಬಿಳಿ ಪರದೆ. ಎರಡೂ ಒಂದೇ ಬಿಳಿ ಎಂದು ಯಂತ್ರ ಸೇರಿಸಿಬಿಟ್ಟಿತು. ಟೋಪಿ ಮಾಯ, ಅಜ್ಜನ ತಲೆ ಹುಬ್ಬಿನ ಮೇಲೆ ನಾಲ್ಕು ಬೆರಳಿಗೇ ಮುಗಿದಿತ್ತು. ಹಿಂದಿನ ಪರದೆಗೆ ನಾನೇ ನಶ್ಯದ ಬಣ್ಣ ಬಳಿದೆ, ಬಣ್ಣಗಳನ್ನು ಆರಕ್ಕಿಳಿಸಿದೆ, ಒಂಟಿ ಮನೆಗಳನ್ನೆಲ್ಲ ಹುಡುಕಿ ಅಳಿಸಿದೆ. ಎರಡು ರಾತ್ರಿ ಹಿಡಿಯಿತು. ಆದರೂ ಹೆಣೆದಾಗ ಅಜ್ಜ ಸ್ವಲ್ಪ ಕುಳ್ಳಗಾದ. ಅದಕ್ಕೆ ಕಾರಣ ಬೇರೆ. ನಕ್ಷೆಯ ಮನೆ ಚೌಕ. ನಮ್ಮ ಕುಣಿಕೆ ಚೌಕವಲ್ಲ. ನನ್ನ ಕೈಯಲ್ಲಿ 10 ಸೆಂಟಿಮೀಟರ್ ಅಗಲಕ್ಕೆ 18 ಕುಣಿಕೆ, ಅಷ್ಟೇ ಎತ್ತರಕ್ಕೆ 20 ಸಾಲು ಬೇಕು. 90 ಮನೆ ಉದ್ದ, 90 ಮನೆ ಅಗಲದ ಚೌಕ ಹೆಣೆದರೆ ಅಗಲ 50 ಸೆಂಟಿಮೀಟರ್, ಎತ್ತರ 45. ಉದ್ದನೆಯ ಕಂಬದಲ್ಲಿ ಹೆಣೆದರೆ ಇದರ ತದ್ವಿರುದ್ಧ, ಮುಖ ಹಾಗಲಕಾಯಿಯಾಗುತ್ತದೆ. ಮೊದಲು ಅಂಗೈಯಗಲ ತುಂಡು ಹೆಣೆದು ಅಳೆದುಕೊಳ್ಳಿ. ಸ್ಟಿಚ್ ಫಿಡಲ್‌ನಂಥ ತಾಣಗಳಲ್ಲಿ ಆ ಅಳತೆ ತುಂಬಿದರೆ ಮನೆಗಳೇ ಅದಕ್ಕೆ ತಕ್ಕಂತೆ ಚಪ್ಪಟೆಯಾಗುತ್ತವೆ. ಈ ಒಂದು ಕೆಲಸ ಮಾಡದೆ ನೇರ ಹೆಣೆಯಲು ಕೂರುವವರೇ ಹೆಚ್ಚು, ಅಜ್ಜನ ಕಾಲಕ್ಕೆ ನಾನೂ ಅವರಲ್ಲಿ ಒಬ್ಬಳು.

ನನಗೆ ಸಿಟ್ಟು ಬರುವುದು ಬೇರೆಯವರ ಮೇಲೆ: ಹೆಣೆಯದ ನಕ್ಷೆಯನ್ನು ಮಾರುವವರ ಮೇಲೆ. ಹೋದ ವರ್ಷ 250 ರೂಪಾಯಿ ಕೊಟ್ಟು ಒಂದು ನವಿಲಿನ ನಕ್ಷೆ ಕೊಂಡೆ. ಮಾರಿದವರು ಯಾರೆಂದು ಬರೆಯುವುದಿಲ್ಲ. 64 ಬಣ್ಣ! ಪೇಟೆಯ ಉಲ್ಲನ್ ಅಂಗಡಿಯಲ್ಲಿ ಒಂದೇ ದಪ್ಪದ ದಾರದಲ್ಲಿ ಹಸಿರಿನ ಎಷ್ಟು ಛಾಯೆ ಸಿಗುತ್ತವೆ? ಐದು ಸಿಕ್ಕರೆ ಪುಣ್ಯ. ಈ ನಕ್ಷೆಯಲ್ಲಿ ಹಸಿರೇ 17. ಅದನ್ನು ಮಾಡಿದವರು ಒಂದು ಸಾಲನ್ನೂ ಕಡ್ಡಿಯಲ್ಲಿ ಹಾಕಿ ನೋಡಿಲ್ಲ ಎಂದು ಮೊದಲ ಪುಟದಲ್ಲೇ ಗೊತ್ತಾಯಿತು. ನಕ್ಷೆಯ ಜೊತೆಗಿದ್ದ “ಸಿದ್ಧವಾದ ಹೊದಿಕೆ”ಯ ಚಿತ್ರವೂ ಕಂಪ್ಯೂಟರೇ ಬರೆದದ್ದು. ಹತ್ತಿರದಿಂದ ನೋಡಿದರೆ ಕುಣಿಕೆಗಳು ಎಲ್ಲಿಂದಲೂ ಹೊರಡುವುದಿಲ್ಲ, ಎಲ್ಲಿಗೂ ಸೇರುವುದಿಲ್ಲ. ನಕ್ಷೆಗೆ ಹಣ ಕೊಡುವ ಮುನ್ನ ಹೆಣೆದ ತುಂಡಿನ ಹಿಂಬದಿಯ ಫೋಟೋ ಕೇಳಿ. ಹೆಣೆದವರು ನಾಚಿಕೊಂಡಾದರೂ ಕಳಿಸುತ್ತಾರೆ. ಉಳಿದವರು ಉತ್ತರ ಕೊಡುವುದಿಲ್ಲ.

ಇದರ ಇನ್ನೊಂದು ಪೆಟ್ಟು ಬೆಲೆಯ ಮೇಲೆ. “ಕಂಪ್ಯೂಟರಿನಲ್ಲೇ ಆಗುತ್ತದಂತಲ್ಲ, ಅಷ್ಟೇಕೆ?” ಎನ್ನುತ್ತಾರೆ ಗಿರಾಕಿಗಳು. 150 ಮನೆ ಅಗಲ, 200 ಸಾಲು ಎತ್ತರದ ಒಂದು ಹೊದಿಕೆಗೆ 30,000 ಕುಣಿಕೆ. ಬಣ್ಣ ಬದಲಿಸುತ್ತ ನಿಮಿಷಕ್ಕೆ ಹತ್ತು ಹಾಕಿದರೂ 50 ಗಂಟೆ, ಚಹಾಕ್ಕೂ ಏಳದೆ. ಸ್ವೆಟರ್ ಹೆಣೆಯುವ ಯಂತ್ರ ಬಂದು ಎಷ್ಟೋ ಕಾಲವಾಯಿತು. ಕೈಯ ಕ್ರೋಶಾವನ್ನು ಹಾಗೆಯೇ ಮಾಡಿಕೊಡುವ ಯಂತ್ರ ಇಂದಿಗೂ ಅಂಗಡಿ, ಕಾರ್ಖಾನೆಗಳಿಗೆ ಬಂದಿಲ್ಲ. ನೀವು ಮಾಲ್‌ನಲ್ಲಿ ಅಗ್ಗಕ್ಕೆ ಕೊಳ್ಳುವ ಕ್ರೋಶಾ ಚೀಲದ ಹಿಂದೆಯೂ ಯಾರದೋ ಬೆರಳಿದೆ. ಅದಕ್ಕೆ ಸಿಕ್ಕ ಕೂಲಿ ಎಷ್ಟಿರಬಹುದೆಂದು ಯೋಚಿಸಿದರೆ ಆ ಅಗ್ಗದ ಬೆಲೆ ಗಂಟಲಲ್ಲಿ ಇಳಿಯುವುದಿಲ್ಲ.

ಮತ್ತೆ ಪಟ್ಟಿಯ ವಿಷಯ. ಎರಡನೆಯ ಸಲ ನಕ್ಷೆಯನ್ನು ಅವ್ವನ ಕೈಗೆ ಕೊಟ್ಟೆ. ಅವಳು ಕೆಂಪು ಪೆನ್ನು ಹಿಡಿದು ‘ಧ’ದ ಬುಡದಿಂದ ಕೆಳಕ್ಕೆ ಮೂರು ಮನೆ ತುಂಬಿದಳು, ‘ಡ’ದ ಸುರುಳಿಯೊಳಗೆ ಮುಚ್ಚಿಹೋಗಿದ್ದ ಎರಡು ಮನೆ ತೆರೆದಳು, ತಲೆಕಟ್ಟುಗಳನ್ನು ಒಂದೇ ಸಾಲಿಗೆ ತಂದಳು. ಇಂಗ್ಲಿಷಿನ ದೊಡ್ಡಕ್ಷರಗಳಾದರೆ 5 ಮನೆ ಅಗಲ, 7 ಮನೆ ಎತ್ತರದಲ್ಲಿ ಆರಾಮಾಗಿ ಕೂರುತ್ತವೆ. ನಮ್ಮ ಅಕ್ಷರಗಳ ದುಂಡಿಗೆ ಅಷ್ಟು ಜಾಗ ಎಲ್ಲಿ ಸಾಕು? ಹಳೆಯ ಕ್ರೋಶಾ ತೋರಣಗಳಲ್ಲಿ ‘ಸುಸ್ವಾಗತ’ಕ್ಕಿಂತ ಇಂಗ್ಲಿಷಿನ ‘ವೆಲ್‌ಕಮ್’ ಹೆಚ್ಚು ಕಾಣುತ್ತಿದ್ದುದಕ್ಕೆ ಇದೇ ಕಾರಣವಿರಬಹುದು ಎಂದೆ. ಅವ್ವ ಒಪ್ಪಲಿಲ್ಲ. “ಸೋಮಾರಿತನ” ಎಂದಳು.

ಪಟ್ಟಿ ಅಮೆರಿಕ ತಲುಪಿದೆ. ತಮ್ಮ ಗೋಡೆಯ ಫೋಟೋ ಹಾಕಿದ್ದಾನೆ, ಅದನ್ನು ನೋಡಿ ಹುಬ್ಬಳ್ಳಿಯ ಭಾವನವರು ತಮಗೂ ಒಂದು ಬೇಕೆನ್ನುತ್ತಿದ್ದಾರೆ, ತಮ್ಮ ಊರಿನ ಹೆಸರಿನದು. ಬ್ಬ, ಳ್ಳಿ ಎರಡು ಒತ್ತು, ಮೇಲೊಂದು ಗುಡಿಸು, ಕೊಂಬು. 30 ಮನೆ ಎತ್ತರ ಏನೇನೂ ಸಾಲದು. ಅವ್ವ ಆಗಲೇ ಚೌಕುಳಿ ಪುಸ್ತಕ ತರಿಸಿಕೊಂಡಿದ್ದಾಳೆ.