ಮನಸ್ಸಿಗೂ ಮೊಸರಿಗೂ

ಶಿರಸಿಯ ಮಳೆಗಾಲದಲ್ಲಿ ಹೊಸ ಅಭ್ಯಾಸ ಶುರು ಹಚ್ಚಿಕೊಳ್ಳುವವರಿಗೆ ನನ್ನದೊಂದು ದೊಡ್ಡ ನಮಸ್ಕಾರ. ಆಷಾಢದಲ್ಲಿ ಒಗೆದ ಪಂಚೆಯೇ ಒಣಗುವುದಿಲ್ಲ, ಉಮೇದು ಎಲ್ಲಿಂದ ಬರಬೇಕು? ಯುಗಾದಿಗೆ ಹೊರಟ ವಾಕಿಂಗು ಮೃಗಶಿರಾ ಮಳೆಗೆ ನಿಲ್ಲುತ್ತದೆ. ಬೂಟು ಬೂಷ್ಟು ಹಿಡಿದು ಜಗಲಿಯ ಮೂಲೆ ಸೇರುತ್ತದೆ.

ಅದೇ ಮಳೆಯಲ್ಲಿ, ಕರೆಂಟು ಹೋದ ರಾತ್ರಿಯೂ ತಪ್ಪದ ಕೆಲಸವೆಂದರೆ ಹೆಪ್ಪು ಹಾಕುವುದು. ಊಟವಾಗಿ ಪಾತ್ರೆ ಎತ್ತಿಟ್ಟ ಮೇಲೆ ಆಯಿ ಹಾಲಿಗೆ ಕಿರುಬೆರಳು ಅದ್ದಿ ನೋಡುತ್ತಾಳೆ. ಬೆರಳಿಗೆ ಹಿತವೆನಿಸಬೇಕು, ಸುಡಬಾರದು. ಥಂಡಿಯ ದಿನಗಳಲ್ಲಿ ಬಿಸಿಯೂ ತುಸು ಹೆಚ್ಚು, ಹೆಪ್ಪೂ ಅರ್ಧ ಚಮಚ ಹೆಚ್ಚು. ಬೇಸಿಗೆಯಲ್ಲಿ ಅಷ್ಟೇ ಹಾಕಿದರೆ ಬೆಳಗಾಗುವುದರೊಳಗೆ ಹುಳಿ. ಆಮೇಲೆ ಪಾತ್ರೆ ಒಲೆಕಟ್ಟೆಗೆ, ಕೆಂಡದ ಕಾವು ತಾಗುವಲ್ಲಿಗೆ. ಇಷ್ಟಕ್ಕೆ ಒಂದು ನಿಮಿಷ ಸಾಕು. ಒಂದು ದಿನವೂ ಬೇಜಾರು ಬರುವುದಿಲ್ಲವೇ ಎಂದು ಕೇಳಿದ್ದಕ್ಕೆ ಅವಳೆಂದಳು: "ಮನಸ್ಸಿಗೂ ಮೊಸರಿಗೂ ಎಂತಾ ಸಂಬಂಧನಾ ತಮಾ? ನಾಳೆ ತಂಬುಳಿಗೆ ಮಜ್ಜಿಗೆ ಬ್ಯಾಡ್ದಾ?"

ಇದನ್ನೇ ಪಂಡಿತರು ಬೇರೆ ದಾರಿಯಲ್ಲಿ ಹುಡುಕಿದ್ದಾರೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲಾಲಿ ಮತ್ತು ಸಂಗಡಿಗರ ಅಧ್ಯಯನ 2010ರಲ್ಲಿ ಅಚ್ಚಾಯಿತು. ಅದರಲ್ಲಿ ಪಾಲ್ಗೊಂಡ 96 ಮಂದಿ, ಮಧ್ಯಾಹ್ನದ ಊಟದ ಜೊತೆ ಹಣ್ಣು ತಿನ್ನುವಂಥ ಒಂದೊಂದು ಸಣ್ಣ ಕೆಲಸವನ್ನು ದಿನವೂ ನಡೆಯುವ ಯಾವುದಾದರೊಂದು ಸಂಗತಿಗೆ ಗಂಟುಹಾಕಿಕೊಂಡರು. ಅದು ತನ್ನಷ್ಟಕ್ಕೇ ಆಗುವಂತಾಗಲು ಕೆಲವರಿಗೆ 18 ದಿನ ಸಾಕಾದರೆ ಕೆಲವರಿಗೆ 254 ಬೇಕೆಂದು ಅಂದಾಜಾಯಿತು. ನಡುವಿನ ಲೆಕ್ಕ 66. 21 ದಿನ ಮಾಡಿದರೆ ಅಭ್ಯಾಸವಾಗುತ್ತದೆ ಎಂದು ಎಲ್ಲರ ಬಾಯಲ್ಲಿರುವ ಮಾತನ್ನು ನಾನಂತೂ ಅಂದಿನಿಂದ ಬಿಟ್ಟೆ. ನಡುವೆ ಒಂದು ದಿನ ತಪ್ಪಿದರೂ ಹೇಳಿಕೊಳ್ಳುವಂಥ ನಷ್ಟವಿಲ್ಲವೆಂದೂ ಅವರು ಕಂಡುಕೊಂಡರು. ನಮ್ಮಲ್ಲಿ ಹೆಪ್ಪು ತೀರಿದ ಮನೆಯ ಹುಡುಗ ಬಟ್ಟಲು ಹಿಡಿದು ಪಕ್ಕದ ಮನೆಗೆ ಓಡುತ್ತಾನೆ. ಅದಕ್ಕಾಗಿ ಯಾರೂ ಎಮ್ಮೆ ಮಾರಿದ್ದಿಲ್ಲ.

ಹೆಪ್ಪಿಗೆ ತನ್ನದೇ ಆದ ಹೊತ್ತಿಲ್ಲ, ಊಟದ ಬಾಲ ಹಿಡಿದು ಬರುತ್ತದೆ. ಅದರ ಜಾಣತನವೆಲ್ಲ ಅಲ್ಲಿದೆ ಎಂದು ನನ್ನ ಅನಿಸಿಕೆ. ನಮ್ಮ ಕೇರಿಯ ನಿವೃತ್ತ ಮೇಷ್ಟ್ರೊಬ್ಬರು ಇದರ ಬಾಲಕ್ಕೆ ಇನ್ನೊಂದು ಬಾಲ ಕಟ್ಟಿದ್ದಾರೆ. ಅವರ ಮನೆಯಲ್ಲಿ ಹೆಪ್ಪು ಅವರದೇ ಪಾಳಿ. ಕಾಯಿಸಿದ ಹಾಲು ಆರುವ ತನಕ ಅಡುಗೆಮನೆಯ ಮಣೆಯ ಮೇಲೆ ಕೂತು ಸಂಸ್ಕೃತ ಓದುತ್ತಾರೆ. ವೈಶಾಖದಲ್ಲಿ ಎರಡು ಪುಟ ಸಾಗುತ್ತದಂತೆ. ಮಳೆಗಾಲದಲ್ಲಿ ಹಾಲು ಬೇಗ ಆರುವುದರಿಂದ ಒಂದು ಶ್ಲೋಕ, ಅದೂ ಅನ್ವಯ ಆಗುವಷ್ಟರಲ್ಲಿ ಹೆಂಡತಿ ಚಮಚ ತಂದು ಕೈಗಿಡುತ್ತಾರೆ.