ಆ ಬಕೆಟ್ ನೀರಿನ ಮಳೆ

ಹಂಗೇರಿಯ ಸಿನಿಮಾ ನಿರ್ದೇಶಕ ಪಾಲ್ ಫೆಯೋಶ್ ಬಗ್ಗೆ ನೀವು ಬರೆದ ಲೇಖನವನ್ನು ಕನ್ನಡದಲ್ಲಿ ಓದಿ ತುಂಬಾ ಖುಷಿಯಾಯ್ತು. ಆದರೆ ಲೇಖನ 1928ರ ಅವರ 'ಲೋನ್‌ಸಮ್' ಚಿತ್ರದ ಹತ್ತಿರವೇ ನಿಂತುಬಿಟ್ಟಿದೆ. ಹಾಲಿವುಡ್ ಬಿಟ್ಟು ಯುರೋಪಿಗೆ ಮರಳಿದ ಮೇಲೆ, 1932ರಲ್ಲಿ ಅವರು ತಮ್ಮ ನಾಡಿನಲ್ಲೇ ಮಾಡಿದ 'ತಾವಸಿ ಜಾಪೋರ್' ನನಗೆ ಇನ್ನೂ ಹತ್ತಿರದ ಚಿತ್ರ. ಹೆಸರಿನ ಅರ್ಥ ವಸಂತದ ಮಳೆ. ಮನೆಗೆಲಸದ ಹುಡುಗಿಯೊಬ್ಬಳು ಮೋಸಹೋಗಿ ಬಸುರಿಯಾಗುತ್ತಾಳೆ. ಕೆಲಸದಿಂದ ಹೊರಗೆ ಹಾಕುತ್ತಾರೆ. ಕೊನೆಗೆ ಸಾಯುತ್ತಾಳೆ. ಸ್ವರ್ಗದಲ್ಲೂ ಅವಳದು ನೆಲ ಒರೆಸುವ ಕೆಲಸವೇ! ಕೆಳಗೆ ಮಗಳು ತನ್ನ ಹಾಗೆಯೇ ಜಾರುವುದನ್ನು ಕಂಡು ಬಕೆಟ್ ನೀರು ಸುರಿಯುತ್ತಾಳೆ, ಅದೇ ಮಳೆಯಾಗುತ್ತದೆ. ಅಲ್ಲಿ ನಾನು ಅತ್ತುಬಿಟ್ಟೆ. ಟಾಕಿ, ಅಂದರೆ ಮಾತಿನ ಚಿತ್ರವಾದರೂ ಮಾತು ತೀರಾ ಕಡಿಮೆ. ಆ ಹುಡುಗಿಯ ಪಾತ್ರ ಮಾಡಿದ ನಟಿ ಆನಬೆಲ್ಲಾ ಅವರ ಮುಖವೇ ಎಲ್ಲ ಹೇಳುತ್ತದೆ.

ಫೆಯೋಶ್ ಓದಿದ್ದು ವೈದ್ಯಕೀಯ. ಅಮೆರಿಕದಲ್ಲಿ ಹಾಲಿವುಡ್‌ಗೆ ಹೋಗುವ ಮೊದಲು ಲ್ಯಾಬ್‌ನಲ್ಲಿ ದುಡಿದವರು. ಡೆನ್ಮಾರ್ಕ್‌ನ ನಾರ್ಡಿಸ್ಕ್ ಎಂಬ ಸಿನಿಮಾ ಕಂಪನಿ 1935ರಲ್ಲಿ ಮಡಗಾಸ್ಕರ್‌ಗೆ ಕಳಿಸಿದ ಮೇಲೆ ಕಥಾಚಿತ್ರದ ಸೆಳೆತ ಕಡಿಮೆಯಾಗಿ, ಅಲ್ಲಿನ ಜನರ ಬದುಕೇ ಅವರನ್ನು ಹಿಡಿದುಕೊಂಡಿತು. ಮುಂದೆ ಮಾನವಶಾಸ್ತ್ರಕ್ಕೇ ಹೋಗಿಬಿಟ್ಟರು. ಈ ಭಾಗ ಬರೀ ಒಂದು ಸಾಲಲ್ಲಿ ಮುಗಿಯುವಂಥದ್ದಲ್ಲ, ಅಲ್ವಾ? ದಯವಿಟ್ಟು ಇದರ ಬಗ್ಗೆ ಇನ್ನೊಂದು ಲೇಖನ ಬರೆಯಿರಿ ಸರ್.