ಉಗ್ರರ ರೊಕ್ಕ ಹಿಡಿಯಲು ಊರ ಮಂದಿಯ ಖಾತೆಗೂ ಕಾವಲು ಬೇಕೇ?

ಪರ
(ಹುಬ್ಬಳ್ಳಿಯ ನಿವೃತ್ತ ಬ್ಯಾಂಕ್ ಅಧಿಕಾರಿ)

229 ಡಾಲರ್. 2008ರ ಮುಂಬೈ ದಾಳಿಗೆ ಮುನ್ನ ಇಟಲಿಯ ಬ್ರೆಷಾ ಊರಿನ ಒಂದು ಹಣ ರವಾನೆ ಅಂಗಡಿಯಿಂದ ಹೋದ ಮೊತ್ತ ಇದು. ದಾಳಿಕೋರರ ಜೊತೆ ಪಾಕಿಸ್ತಾನದಲ್ಲಿ ಕೂತವರು ಮಾತಾಡಲು ಬಳಸಿದ ಇಂಟರ್‌ನೆಟ್ ಫೋನ್ ಸೇವೆಗೆ ಕಟ್ಟಿದ್ದು. ಕಳಿಸಿದವನು ಅಂತ ಬರೆಸಿದ ಹೆಸರು ಇಟಲಿಗೆ ಕಾಲೇ ಇಡದ ಮನುಷ್ಯನದು. 2009ರಲ್ಲಿ ಇಟಲಿ ಪೊಲೀಸರು ಅಂಗಡಿಯ ಇಬ್ಬರನ್ನು ಬಂಧಿಸಿದರು.

ನಮ್ಮ ರೂಪಾಯಿಯಲ್ಲಿ ಆಗ ಅದು ಹನ್ನೊಂದು ಸಾವಿರದ ಆಸುಪಾಸು. "ಇಷ್ಟು ಸಣ್ಣ ಮೊತ್ತಕ್ಕೆ ಇಷ್ಟೊಂದು ಕಾಗದ ಯಾಕ್ರೀ?" ಅಂತ ಕೌಂಟರಿನಲ್ಲಿ ಜಗಳ ತೆಗೆದವರಿಗೆಲ್ಲ ಇದನ್ನೇ ಹೇಳಬೇಕು ಅನಿಸುತ್ತಿತ್ತು. ಹಿಂದೆ ಸಾಲು ಬೆಳೆದಿರುತ್ತಿತ್ತು, ಹೇಳಲು ಪುರುಸೊತ್ತು ಇರುತ್ತಿರಲಿಲ್ಲ.

ಉಗ್ರ ಸಂಘಟನೆಗಳಿಗೆ ರೊಕ್ಕ ಬರುವ ದಾರಿ ಹಲವು. ಐಸಿಸ್ ಎಣ್ಣೆ ಬಾವಿ ಹಿಡಿದು ತೈಲ ಮಾರಿತು, ತನ್ನ ಕೈಲಿದ್ದ ಊರುಗಳ ಜನರಿಂದ ತೆರಿಗೆ ಕಿತ್ತಿತು. ಶ್ರೀಲಂಕಾದ ತಮಿಳು ಉಗ್ರ ಸಂಘಟನೆ ಎಲ್‌ಟಿಟಿಇ ಹೊರದೇಶದ ತಮಿಳರಿಂದ ವಸೂಲಿ ಮಾಡಿತು. ಕೆಲವರು ಮನಸಾರೆ ಕೊಟ್ಟರು, ಕೆಲವರು ಹೆದರಿ ಕೊಟ್ಟರು. ಮುಂಬೈ ದಾಳಿ ಮಾಡಿಸಿದ ಪಾಕಿಸ್ತಾನದ ಲಷ್ಕರ್, ಜಮಾತ್-ಉದ್-ದವಾ ಅಂತ ಸೇವಾ ಸಂಸ್ಥೆಯ ಬೋರ್ಡು ಹಾಕಿಕೊಂಡಿತು. 2008ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆ ಎರಡೂ ಒಂದೇ ಅಂತ ತನ್ನ ನಿರ್ಬಂಧ ಪಟ್ಟಿಗೆ ಸೇರಿಸಿತು. ರೊಕ್ಕ ಎಲ್ಲಿಂದಲೇ ಹುಟ್ಟಲಿ, ದಾಟುವಾಗ ಒಂದು ಬ್ಯಾಂಕೋ, ರವಾನೆ ಅಂಗಡಿಯೋ, ಹವಾಲಾದವನೋ ಬೇಕು. ಕೈ ಹಾಕಬೇಕಾದ್ದು ಅಲ್ಲೇ.

ಎಫ್‌ಎಟಿಎಫ್ ಅಂತ ಒಂದು ಕೂಟ ಇದೆ. 1989ರಲ್ಲಿ ಪ್ಯಾರಿಸ್‌ನಲ್ಲಿ ಜಿ-7 ದೇಶಗಳು ಕಟ್ಟಿದ್ದು. ಕಪ್ಪು ಹಣ ಬಿಳಿ ಮಾಡುವುದನ್ನು ತಡೆಯಲು ಶುರುವಾಗಿ, 2001ರಲ್ಲಿ ಅಮೆರಿಕದ ಮೇಲೆ ಆದ ದಾಳಿಯ ನಂತರ ಉಗ್ರರ ಹಣವನ್ನೂ ಕೈಗೆತ್ತಿಕೊಂಡಿತು. ಅದರ ಬಳಿ ಪೊಲೀಸರಿಲ್ಲ, ಜೈಲಿಲ್ಲ, ಹಣದ ಕಾವಲಿನಲ್ಲಿ ಕೊರತೆ ಇರುವ ದೇಶಗಳ ಬೂದು ಪಟ್ಟಿ ಇದೆ. ಸುಮ್ನೆ ಪಟ್ಟಿ ಅಂದುಕೊಳ್ಳಬೇಡಿ. 2018ರ ಜೂನ್‌ನಲ್ಲಿ ಪಾಕಿಸ್ತಾನದ ಹೆಸರು ಅದಕ್ಕೆ ಬಿತ್ತು. 2020ರ ಫೆಬ್ರುವರಿಯಲ್ಲಿ ಲಾಹೋರಿನ ನ್ಯಾಯಾಲಯ ಉಗ್ರರ ಹಣದ ಪ್ರಕರಣಗಳಲ್ಲೇ ಲಷ್ಕರ್ ಸ್ಥಾಪಕ ಹಫೀಜ್ ಸಯೀದ್‌ಗೆ ಜೈಲು ಶಿಕ್ಷೆ ಕೊಟ್ಟಿತು. ನಾವು ವರ್ಷಗಟ್ಟಲೆ ಗೋಗರೆದರೂ ಆಗಿರಲಿಲ್ಲ. 2022ರ ಅಕ್ಟೋಬರ್‌ನಲ್ಲಿ ಪಾಕಿಸ್ತಾನದ ಹೆಸರು ಪಟ್ಟಿಯಿಂದ ಹೊರಬಂತು.

ಭಾರತ 2010ರಿಂದ ಈ ಕೂಟದ ಸದಸ್ಯ. ನೆರೆಯವರಿಗೆ ಲೆಕ್ಕ ಕೇಳುವವರು ನಮ್ಮ ಲೆಕ್ಕವನ್ನೂ ತೋರಿಸಬೇಕು, ಅಲ್ವಾ?

ಕಾವಲು ಅಂದರೆ ಎಲ್ಲರನ್ನೂ ಕಳ್ಳರಂತೆ ನೋಡುವುದಲ್ಲ. ಹತ್ತು ಲಕ್ಷ ದಾಟಿದ ನಗದಿನ ವರದಿ ದಿಲ್ಲಿಯ ಹಣಕಾಸು ಗುಪ್ತಚರ ಘಟಕಕ್ಕೆ ಹೋಗುತ್ತದೆ, ನಿಜ. ಆದರೆ ಅನುಭವ ಇರುವ ಬ್ಯಾಂಕಿನವನು ಮೊತ್ತಕ್ಕಿಂತ ಜಾಸ್ತಿ ಖಾತೆಯ ಚಾಳಿ ನೋಡುತ್ತಾನೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸುಗ್ಗಿ ಬಂದಾಗ ದಲಾಲಿ ಅಂಗಡಿಯ ಖಾತೆಯಲ್ಲಿ ಲಕ್ಷಗಟ್ಟಲೆ ಓಡಾಡಿದರೆ ಯಾರೂ ತಲೆ ಎತ್ತುವುದಿಲ್ಲ. ಅದೇ ಒಬ್ಬ ಕಾಲೇಜು ಹುಡುಗನ ಖಾತೆಗೆ ಐದಾರು ರಾಜ್ಯಗಳಿಂದ ಎರಡು ಸಾವಿರ, ಮೂರು ಸಾವಿರ ಬಂದು, ಅವತ್ತೇ ಎಟಿಎಂನಲ್ಲಿ ಖಾಲಿಯಾದರೆ? ಕೇಳಲೇಬೇಕು.

ವಿರೋಧ
(ಮೇಲಿನವರ ಅಣ್ಣನ ಮಗಳು, ಗದಗಿನ ಸಣ್ಣ ಟ್ರಸ್ಟ್ ಒಂದರ ಲೆಕ್ಕ ನೋಡುವವರು)

ಕಾಕಾ, ನಿಮ್ಮ 229 ಡಾಲರ್ ಪತ್ತೆಯಾದದ್ದು ದಾಳಿ ಆದ ಮೇಲೆ. ಅದನ್ನು ನೀವು ಹೇಳಲೇ ಇಲ್ಲ. 2005ರ ಲಂಡನ್ ಬಾಂಬ್ ದಾಳಿಗೆ ಖರ್ಚಾದದ್ದು ಎಂಟು ಸಾವಿರ ಪೌಂಡ್‌ಗಿಂತ ಕಡಿಮೆ ಅಂತ ಅಲ್ಲಿನ ಸರ್ಕಾರಿ ವರದಿಯೇ ಹೇಳಿದೆ. ಅದೂ ಹೆಚ್ಚಾಗಿ ಅವರವರದೇ ದುಡ್ಡು. ಇದನ್ನು ಯಾವ ಕೌಂಟರಿನಲ್ಲಿ ಹಿಡಿಯುತ್ತೀರಿ?

ಹಿಡಿಯುವುದು ನಮ್ಮಂಥವರನ್ನು. ಶಾಲೆ ಮಕ್ಕಳಿಗೆ ನೋಟ್‌ಬುಕ್ ಕೊಡುವ ಟ್ರಸ್ಟ್ ನಮ್ಮದು. ಕೆವೈಸಿ ಹೊಸದು ಮಾಡಿಸಿಲ್ಲ ಅಂತ ಜೂನ್ ತಿಂಗಳಲ್ಲೇ ಖಾತೆ ಹೋಲ್ಡ್ ಆಯಿತು. ಎಲ್ಲ ಟ್ರಸ್ಟಿಗಳ ಪ್ಯಾನ್, ಆಧಾರ್, ಫೋಟೋ ಬೇಕಂತೆ. ಒಬ್ಬರು ತೀರಿಕೊಂಡಿದ್ದರು, ಅವರ ಮರಣ ಪತ್ರ ತನ್ನಿ ಅಂದರು. ಇನ್ನೊಬ್ಬರು ರೋಣದಲ್ಲಿ ಹಾಸಿಗೆ ಹಿಡಿದಿದ್ದರು, ಅವರ ಸಹಿ ಹಳೆಯದಕ್ಕೆ ಹೊಂದಲಿಲ್ಲ. ಆಮೇಲೆ "ಬೆನಿಫಿಶಿಯಲ್ ಓನರ್ ಯಾರು?", ಅಂದರೆ ರೊಕ್ಕದ ನಿಜವಾದ ಒಡೆಯ ಯಾರು, ಅಂತ ಒಂದು ಫಾರ್ಮು. ನೋಟ್‌ಬುಕ್ ತಗೊಳ್ಳೋ ಮಕ್ಕಳು ಅಂದೆ. ಅಲ್ಲಿದ್ದ ಹುಡುಗನಿಗೂ ನಗು ಬಂತು, ಆದರೆ ಫಾರ್ಮಿನಲ್ಲಿ ಅದಕ್ಕೆ ಜಾಗ ಇರಲಿಲ್ಲ. ಅಂಗಡಿಯವರು ಉದ್ರಿ ಕೊಟ್ಟಿದ್ದಕ್ಕೆ ಆ ವರ್ಷ ನೋಟ್‌ಬುಕ್ ಹಂಚಿದೆವು.

ನಮ್ಮದು ಸಣ್ಣ ತಾಪತ್ರಯ, ಒಪ್ಪುತ್ತೇನೆ. ಸೊಮಾಲಿಯಾದ್ದು ಹಾಗಲ್ಲ. 2001ರ ನವೆಂಬರ್‌ನಲ್ಲಿ ಅಮೆರಿಕ ಅಲ್-ಬರಕಾತ್ ಅನ್ನುವ ರವಾನೆ ಕಂಪನಿಯನ್ನು ಅಲ್-ಖೈದಾ ನಂಟಿದೆ ಅಂತ ಮುಚ್ಚಿಸಿತು. ಹೊರದೇಶದಲ್ಲಿ ದುಡಿಯುವವರು ಮನೆಗೆ ರೊಕ್ಕ ಕಳಿಸುತ್ತಿದ್ದ ದೊಡ್ಡ ದಾರಿ ಅದು. ಸರಿಯಾದ ಬ್ಯಾಂಕುಗಳೇ ಇಲ್ಲದ ದೇಶ ಬೇರೆ. ಆಮೇಲೆ 2001ರ ದಾಳಿಯ ತನಿಖೆಗೆ ಅಮೆರಿಕವೇ ನೇಮಿಸಿದ ಆಯೋಗದ ಸಿಬ್ಬಂದಿ ನೋಡಿದರೆ, ಆ ನಂಟಿಗೆ ಗಟ್ಟಿ ಸಾಕ್ಷಿಯೇ ಇರಲಿಲ್ಲ.

ನೀವು ಹೊಗಳುವ ಎಫ್‌ಎಟಿಎಫ್ 2024ರಲ್ಲಿ ಭಾರತದ ಬಗ್ಗೆ ಬರೆದ ವರದಿಯನ್ನೂ ಓದಿ. ಒಟ್ಟಾರೆ ಒಳ್ಳೆಯ ಅಂಕ ಕೊಟ್ಟಿದ್ದಾರೆ. ಜೊತೆಗೆ ಎರಡು ಕೊರತೆ ಎತ್ತಿದ್ದಾರೆ: ಕೋರ್ಟಿನಲ್ಲಿ ಪ್ರಕರಣ ಮುಗಿಯುವುದು ತಡ. ಮತ್ತೆ, ಸೇವಾ ಸಂಸ್ಥೆಗಳ ಮೇಲಿನ ಬಿಗಿ ಅಪಾಯ ಎಷ್ಟಿದೆಯೋ ಅಷ್ಟಕ್ಕೆ ತಕ್ಕಂತೆ ಇರಬೇಕು. ಎರಡನೆಯದನ್ನು ಯಾರೂ ನಮ್ಮ ಕೌಂಟರಿಗೆ ತಲುಪಿಸಿಲ್ಲ.

ಎಪಿಎಂಸಿಯಲ್ಲಿ ರಸೀದಿ ಇಲ್ಲದ ಬಿಳಿ ಚೀಟಿ ವ್ಯವಹಾರ ನೀವು ನೋಡದ್ದಲ್ಲ. ಬ್ಯಾಂಕು ಕಾಡಿದಷ್ಟೂ ಜನ ಅಂಥ ಚೀಟಿಗೆ, ಹವಾಲಾಕ್ಕೆ ಹೋಗುತ್ತಾರೆ. ಅಲ್ಲಿ ನಿಮ್ಮ ಕಾವಲೇ ಇಲ್ಲ.

ಗಡಿ ದಾಟುವ ಹಣಕ್ಕೆ, ಹೆಸರು ಮುಚ್ಚಿಟ್ಟ ಖಾತೆಗೆ ಎಷ್ಟು ಬೇಕಾದರೂ ಪ್ರಶ್ನೆ ಕೇಳಲಿ. ಐವತ್ತು ವರ್ಷ ಒಂದೇ ಕೆಲಸ ಮಾಡಿಕೊಂಡು ಬಂದ ಟ್ರಸ್ಟಿನ ಖಾತೆ ನಿಲ್ಲಿಸುವ ಮುನ್ನ ಮನೆಗೊಂದು ನೋಟಿಸ್ ಬರಲಿ. ಇಷ್ಟು ದಿನದಲ್ಲಿ ಬಗೆಹರಿಸುತ್ತೇವೆ ಅಂತ ಬರೆದು ಕೊಡಲಿ. ನೀವು ಕೌಂಟರಿನಲ್ಲಿದ್ದಾಗ ಹಾಗೆ ಬರೆದು ಕೊಡುತ್ತಿದ್ದಿರಾ, ಕಾಕಾ?